ಅಪಾಯ: ನಿಲ್

ನಮೂನೆ ತುಂಬುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ದೇಶದ ರಾಜಧಾನಿಯ ಇಡೀ ಆರ್.ಕೆ.ಪುರಂನಲ್ಲೇ ಇಲ್ಲವೆಂದು ನಂಬಿದ್ದೆ. ಇಪ್ಪತ್ತೆಂಟು ವರ್ಷದ ಕೇಂದ್ರ ಸರ್ಕಾರಿ ಸೇವೆ ನನಗೆ ಕಲಿಸಿದ್ದು ಒಂದೇ: ಯಾವ ಕಾಲಮ್ಮಿನಲ್ಲೂ ‘ಹೌದು’ ಎನ್ನಬಾರದು. ಒಂದು ‘ಹೌದು’ ಬರೆದರೆ ಬೆನ್ನಿಗೇ ಮೂರು ಅನುಬಂಧ ಬರುತ್ತವೆ. ‘ನಿಲ್’, ಅಂದರೆ ಏನೂ ಇಲ್ಲ, ಎಂದು ಬರೆದವನು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾನೆ.

ಹೀಗಿರುವಾಗ ನನ್ನ ಹೆಂಡತಿ ನಾಗರತ್ನ ಕಿಡ್ನಿ ಸೋಂಕಾಗಿ ಆಸ್ಪತ್ರೆ ಸೇರಿದಳು. ಐದು ದಿನ ಔಷಧ ನರದ ಮೂಲಕವೇ ಹೋಗಬೇಕು. ಅವಳ ನರಗಳೋ, ಹುಡುಕಿದರೂ ಕೈಗೆ ಸಿಗದವು. ಸಿಸ್ಟರ್ ಹೇಗೋ ಎಡಗೈಯಲ್ಲಿ ಒಂದನ್ನು ಹಿಡಿದು ಸಣ್ಣ ನಳಿಕೆ ಕೂರಿಸಿದರು. ಆಮೇಲೆ ಒಂದು ಹಾಳೆ ತೆಗೆದರು. ನಳಿಕೆ ಕಟ್ಟಿಕೊಳ್ಳುವ ಅಪಾಯ ಎಷ್ಟೆಂದು ಲೆಕ್ಕ ಹಾಕುವ ಹಾಳೆಯಂತೆ. ಹಿಂದೆ ಕಟ್ಟಿಕೊಂಡಿತ್ತೇ? ನರ ಸಿಗುವುದು ಕಷ್ಟವೇ? ಕೇಳಿದ್ದು ನಾಗರತ್ನಳನ್ನು, ಉತ್ತರಿಸಿದ್ದು ನಾನು. ನಿಲ್. ನಿಲ್.

“ರೀ, ಹೋದ ವರ್ಷ ಎರಡು ಸಲ ಕಟ್ಕೊಂಡಿತ್ತಲ್ಲ,” ಎಂದಳು ನಾಗರತ್ನ.

ಏನು ಹೇಳುತ್ತಿದ್ದಾರೆಂದು ಸಿಸ್ಟರ್ ಹಿಂದಿಯಲ್ಲಿ ಕೇಳಿದರು. ಚಹಾ ಬೇಕಂತೆ ಎಂದು ಅನುವಾದಿಸಿದೆ.

ಮರುದಿನ ಬೆಳಿಗ್ಗೆ ಔಷಧದ ಬಾಟಲಿ ಮುಗಿಯಿತು. ಮುಗಿದ ಕೂಡಲೇ ಕರೆಯಿರಿ ಎಂದಿದ್ದರು. ಇಷ್ಟಕ್ಕೆಲ್ಲ ಕರೆಯುವುದೇ? ಪೈಪಿನ ಗಾಲಿ ತಿರುಗಿಸಿ ನಾನೇ ಬಂದ್ ಮಾಡಿ ಪೇಪರ್ ಹಿಡಿದು ಕುಳಿತೆ. ಸ್ವಲ್ಪ ಹೊತ್ತಿಗೆ ಸಿಸ್ಟರ್ ತಾವಾಗಿಯೇ ಬಂದರು, ಉಪ್ಪುನೀರು ಹಾಯಿಸಿ ನಳಿಕೆ ತೊಳೆಯಬೇಕು ಎಂದರು. ನಾಗರತ್ನಳಿಗೆ ಆಗ ತಾನೇ ಜೋಂಪು ಹತ್ತಿತ್ತು. ನನಗೆ ರೇಗಿಹೋಯಿತು. ರೋಗಿಯ ನಿದ್ದೆ ಕೆಡಿಸಲು ಸಂಬಳ ಕೊಡುತ್ತಾರೆಯೇ ಎಂದು ಗದರಿ ವಾಪಸು ಕಳಿಸಿದೆ.

ಮುಂದಿನ ಔಷಧದ ಹೊತ್ತಿಗೆ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಒಂದು ಹನಿಯೂ ಇಳಿಯಲಿಲ್ಲ!

ನಾನು ವಾರ್ಡು ಕಿತ್ತುಹೋಗುವಂತೆ ಕೂಗಾಡಿದೆ. ಸಿಸ್ಟರ್ ನಳಿಕೆ ತೆಗೆದು ಹೊಸ ನರ ಹುಡುಕಿದರು. ಒಂದು ಕಡೆ ಚುಚ್ಚಿದರು, ಸಿಗಲಿಲ್ಲ. ಇನ್ನೊಂದು ಕಡೆ ಚುಚ್ಚಿದರು, ಊದಿಕೊಂಡಿತು. ನಾಗರತ್ನ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಲಗೈಯಲ್ಲಿ ಒಂದೇ ನರ ಉಳಿದಿತ್ತು. ಅದೂ ಹೋದರೆ ಕುತ್ತಿಗೆಗೆ ಹಾಕಬೇಕಾದೀತು ಎಂದರು. ಅಷ್ಟು ಹೊತ್ತು ಊರಿನ ಮೇಲೆಲ್ಲ ಹಾರಾಡಿದ ನನ್ನ ಸಿಟ್ಟು ಆಗ ನೆಟ್ಟಗೆ ನನ್ನ ಮೇಲೇ ಬಂದು ಕೂತಿತು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ಪುಣ್ಯಕ್ಕೆ ಆ ನರ ಸಿಕ್ಕಿತು.

ನಾಗರತ್ನ ಕಣ್ಣೊರೆಸಿಕೊಂಡಳು. ತರಕಾರಿ ಭಯ್ಯಾನ ಜೊತೆ ಬಿಟ್ಟರೆ ಬೇರೆಲ್ಲೂ ಬಳಸದ ತನ್ನ ಹಿಂದಿಯಲ್ಲಿ, “ಸಿಸ್ಟರ್, ಫಾರಮ್ ಫಿರ್ ಸೇ ಭರೋ. ಅಬ್ ಮೈಂ ಬೋಲೂಂಗಿ,” ಎಂದಳು; ಹಾಳೆ ಮತ್ತೆ ತುಂಬಿ, ಈ ಸಲ ಹೇಳುವವಳು ನಾನು ಎಂದು. ನನ್ನ ಕಡೆ ತಿರುಗಿ, “ನೀವು ಬಾಯಿ ಮುಚ್ಕೊಂಡು ಕೂತ್ಕೊಳಿ,” ಎಂದಳು.

ಕೂತೆ. ಈ ಸಲ ಎಲ್ಲ ಕಾಲಮ್ಮಿಗೂ ‘ಹೌದು’. ‘ಇತರೆ ಕಾರಣಗಳು’ ಎಂಬಲ್ಲಿ ಅವಳೇನೋ ಮೆಲ್ಲಗೆ ಹೇಳಿದಳು. ಸಿಸ್ಟರ್ ಮೊದಲ ಸಲ ನಕ್ಕು, ಒಂದು ಪದ ಬರೆದು, ಸಹಿಗೆಂದು ಹಾಳೆಯನ್ನು ನನ್ನ ಮುಂದೆ ಹಿಡಿದರು.

‘ಹಸ್ಬೆಂಡ್’ ಎಂದಿತ್ತು.

ದಿನಾಂಕ ಸಮೇತ ಸಹಿ ಹಾಕಿದೆ. ಸೀಲು ಮಾತ್ರ ಆಫೀಸಿನಲ್ಲಿತ್ತು.