ಅರವತ್ತು ಸಾವಿರದ ಗೇಮಿಂಗ್ ಕಂಪ್ಯೂಟರ್

ಸಿದ್ದಲಿಂಗೇಶ ಮಾಡಿದ ತಪ್ಪು ಒಂದೇ. ಗೇಮಿಂಗ್ ಕಂಪ್ಯೂಟರಿಗೆ ಬೇಕಾದ ಸಾಮಾನುಗಳ ಚೀಟಿಯನ್ನು ಅಂಗಿಯ ಜೇಬಿನಲ್ಲೇ ಮರೆತು, ಅಂಗಿಯನ್ನು ಒಗೆಯಲು ಹಾಕಿಬಿಟ್ಟ. ಖರೀದಿಗೆ ಹೊರಡಬೇಕಿದ್ದ ಭಾನುವಾರ ಬೆಳಿಗ್ಗೆ ಅವನು ಏಳುವಷ್ಟರಲ್ಲಿ ತಾಯಿ ನೀಲಗಂಗವ್ವ ಆ ಚೀಟಿಯನ್ನು ಪಕ್ಕದ ಮನೆಯ ಮೌಲಾಸಾಬರ ಕೈಗೆ ಕೊಟ್ಟು ಓದಿಸಿಯಾಗಿತ್ತು.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಗುಮಾಸ್ತ ಸಿದ್ದಲಿಂಗೇಶ. ಎರಡು ವರ್ಷ ಚಹಾ ಬಿಟ್ಟು, ಸಿನಿಮಾ ಬಿಟ್ಟು ಕೂಡಿಸಿದ್ದು ಅರವತ್ತು ಸಾವಿರ. ಅಷ್ಟರಲ್ಲೇ ಕಾರ್ ರೇಸಿನ ಆಟ ಬೆಣ್ಣೆಯಲ್ಲಿ ಚಾಕು ಇಳಿದಂತೆ ಓಡಬೇಕು. ಅದಕ್ಕಾಗಿ ಆರು ತಿಂಗಳು ವಿಡಿಯೊ ನೋಡಿ, ಪ್ರೊಸೆಸರಿಗೆ ತಕ್ಕ ಗ್ರಾಫಿಕ್ಸ್ ಕಾರ್ಡು, ಕಾರ್ಡಿಗೆ ತಕ್ಕ ಪವರ್ ಸಪ್ಲೈ, ಎಲ್ಲಕ್ಕೂ ತಕ್ಕ ಮಾನಿಟರ್ ಎಂದು ಜಾತಕ ಕೂಡಿಸುವ ಶಾಸ್ತ್ರಿಗಳಂತೆ ಒಂದಕ್ಕೊಂದು ಹೊಂದಿಸಿ ಬರೆದಿದ್ದ.

"ಒಬ್ಬನ ಹೊಂಟೀ ಏನ ತಮ್ಮಾ?" ಮೌಲಾಸಾಬರು ಆಗಲೇ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. "ಅಷ್ಟ ರೊಕ್ಕದ ಮಾಲ ತರಾಕ ನಿನ್ನೊಬ್ಬನ್ನ ಕಳಿಸಾಕ ನಾವೇನ ಸತ್ತೇವೇನ?"

"ಬ್ಯಾಡ ಕಾಕಾ, ನಾ ಲಗೂ ಹೋಗಿ ಬರ್ತೇನಿ."

"ಚನ್ನೇಶಗ ಫೋನ್ ಹಚ್ಚೇನಿ. ಗಾಡಿ ತರಾಕತ್ತಾನ."

ಚನ್ನೇಶ ದಲಾಲಿ ಅಂಗಡಿಯ ಮಾಲು ಸಾಗಿಸುವ ಗೂಡ್ಸ್ ಗಾಡಿಯವನು. ಅವನು ಬಂದ. ನೀಲಗಂಗವ್ವನೂ ಸೀರೆ ಬದಲಿಸಿ ಬಂದಳು. ಹೆಣ್ಣು ನೋಡಲು ಹೊರಟವರಂತೆ ನಾಲ್ವರೂ ರಾಣೆಬೆನ್ನೂರಿನ ಕಂಪ್ಯೂಟರ್ ಅಂಗಡಿಯ ಮುಂದೆ ಇಳಿದರು.

ಅಂಗಡಿಯೊಡತಿ ಅಲ್ಮಾಸ ಚೀಟಿ ಓದಿ ಕನ್ನಡಕ ಮೇಲೇರಿಸಿದಳು. "ಯಾರ ಬರದಾರ್ರಿ ಇದನ್ನ? ಭಾಳ ಚಂದ ಹೊಂದಿಸ್ಯಾರ."

ಸಿದ್ದಲಿಂಗೇಶನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಅಷ್ಟರಲ್ಲಿ ಚನ್ನೇಶ ಬಾಯಿ ಹಾಕಿದ. "ಇದಕ್ಕಿಂತ ದೊಡ್ಡ ಕಾರ್ಡ್ ಇಲ್ಲೇನ್ರಿ?"

"ಐತ್ರಿ. ಎಂಟು ಸಾವಿರ ಹೆಚ್ಚಿಗಿ."

"ಅದನ್ನ ತಗೊಳೋ ಸಿದ್ದೂ! ಜನ್ಮದಾಗ ಒಮ್ಮೆ ತಗೊಳ್ಳೂದು, ಅದ್ರಾಗೂ ಜುಗ್ಗತನ ಮಾಡ್ತೀಯೇನ?"

ಸಿದ್ದಲಿಂಗೇಶ ಉತ್ತರಿಸುವ ಮೊದಲೇ ದೊಡ್ಡ ಕಾರ್ಡು ಮೇಜಿನ ಮೇಲೆ ಬಂತು. ಲೆಕ್ಕ ಸರಿದೂಗಿಸಲು ಒಳ್ಳೆಯ ಪ್ರೊಸೆಸರ್ ಒಳಗೆ ಹೋಗಿ ಅಗ್ಗದ್ದೊಂದು ಹೊರಗೆ ಬಂತು. ಅತ್ತ ನೀಲಗಂಗವ್ವ ಬಣ್ಣದ ದೀಪ ಮಿಣುಕುವ ಗಾಜಿನ ಕ್ಯಾಬಿನೆಟ್ಟಿನ ಮುಂದೆ ಕೈಮುಗಿಯುವುದೊಂದು ಬಾಕಿ.

"ಯಪ್ಪಾ, ಗಣಪ್ಪನ ಮಂಟಪ ಇದ್ದಂಗ ಐತಿ! ಇದನ್ನ ತಗೋ."

"ಯವ್ವಾ, ಲೈಟಿನಿಂದ ಆಟ ಓಡಂಗಿಲ್ಲ."

"ಮನಿಗಿ ಬಂದೋರು ನಿನ್ನ ಆಟ ನೋಡ್ತಾರೇನ? ಡಬ್ಬಿ ನೋಡ್ತಾರ."

ಮಂಟಪ ಬಂದ ಖರ್ಚಿಗೆ ರ‍್ಯಾಮ್ ಅರ್ಧವಾಯಿತು. ಮೌಲಾಸಾಬರು ಪವರ್ ಸಪ್ಲೈಗಳನ್ನು ಕಲ್ಲಂಗಡಿಯಂತೆ ಒಂದೊಂದಾಗಿ ಎತ್ತಿ, ಬಡಿದು ನೋಡಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿದರು. ಅದರ ಲೆಕ್ಕಕ್ಕೆ ಹೊಸ ಮಾನಿಟರ್ ಹೋಗಿ, ಯಾವುದೋ ಕಚೇರಿಯಿಂದ ಬಂದ ಹಳೆಯದೊಂದು ಪಾಲಿಗೆ ಉಳಿಯಿತು.

ಸಿದ್ದಲಿಂಗೇಶ ತನ್ನ ಚೀಟಿಯನ್ನು ಅಲ್ಮಾಸಳ ಮುಂದೆ ಸರಿಸಿದ. ಎರಡು ವರ್ಷ ಕುಡಿಯದ ಚಹಾ ಎಲ್ಲ ಒಮ್ಮೆಲೇ ನೆನಪಾಯಿತು. "ಮೇಡಂ, ನೀವರ ಹೇಳ್ರಿ ಇವರಿಗೆ."

ಅಲ್ಮಾಸ ಮೌಲಾಸಾಬರತ್ತ ತಿರುಗಿದಳು. "ಅಜ್ಜಾರ, ಈ ಕಾರ್ಡ್ ಭಾಳ ಜೋರ ಐತ್ರಿ. ಆದ್ರ ಅದಕ್ಕ ಕೆಲಸ ಹಚ್ಚಾಂವ ಈ ಪ್ರೊಸೆಸರ್. ಇಂವ ತೇಕಾಕತ್ತಿದ್ರ ಅದು ಸುಮ್ನ ಕುಂತಿರ್ತೈತಿ. ರೊಕ್ಕ ದಂಡ."

"ಅಂದ್ರ… ಹೊಸಾ ಎಂಜಿನ್ನಿಗೆ ಹಳೇ ಗೇರ್ ಬಾಕ್ಸ್ ಹಾಕಿದಂಗ?"

"ಖರೇ ಹಂಗರಿ."

ಮೌಲಾಸಾಬರ ಮುಖದ ಬಣ್ಣವೇ ಬದಲಾಯಿತು. "ತೊಂಬತ್ತೆಂಟರಾಗ ನನಗ ಅಂಥಾ ಗಾಡಿ ಕೊಟ್ಟಿದ್ರು. ಏರಿನ್ಯಾಗ ನಲವತ್ತು ಮಂದಿ ಇಳಿದು ನೂಕಿದ್ರು, ಅದ್ರಾಗ ಒಬ್ಬ ಮದಿಮಗ ಇದ್ದ!" ಅವರು ಮೇಜಿನ ಮೇಲೆ ಕೈ ಬಡಿದರು. "ಎಲ್ಲಾ ಒಳಗ ಇಡ್ರಿ! ಹುಡುಗ ಬರದಂಗ ಕೊಡ್ರಿ. ಒಂದ ಮೊಳಿ ಸುದ್ದಾ ಬದಲಾಗಬಾರದು. ಚನ್ನೇಶ, ಬಾಯಿ ಮುಚ್ಚು. ಅಕ್ಕಾರ, ಮನಿಗಿ ಹೋಗಿ ದೀಪದ ಸರ ತಗದು ಅದಕ್ಕ ಸುತ್ತೂಣು."

ಸಿದ್ದಲಿಂಗೇಶನಿಗೆ ಅವರನ್ನು ಹೆಗಲ ಮೇಲೆ ಹೊತ್ತು ಕುಣಿಯಬೇಕೆನಿಸಿತು.

ಅಲ್ಮಾಸ ಎರಡು ಗಂಟೆಯಲ್ಲಿ ಎಲ್ಲ ಜೋಡಿಸಿ ಕೊಟ್ಟಳು. ಗೂಡ್ಸ್ ಗಾಡಿಯ ಹಿಂದೆ ಮಾನಿಟರನ್ನು ಎಳೆಗೂಸಿನಂತೆ ತಬ್ಬಿ ಕುಳಿತು ಸಿದ್ದಲಿಂಗೇಶ ಬ್ಯಾಡಗಿ ಸೇರಿದಾಗ ನಾಲ್ಕು ಗಂಟೆ. ಗುಂಡಿ ಒತ್ತಿದ. ಪರದೆ ಬೆಳಗಿತು. ಆಟ ತೆರೆಯಿತು. ಕೆಂಪು ಕಾರು ಬಾಣದಂತೆ ಚಿಮ್ಮಿತು. ದಾರಿಬದಿಯ ಮರಗಳ ಎಲೆ ಎಲೆಯೂ ಕಾಣುತ್ತಿತ್ತು, ಒಂದು ತಡವರಿಕೆಯಿಲ್ಲ!

"ಬ್ರೇಕ್ ಹಿಡಿಯೋ! ಇಂಡಿಕೇಟರ್ ಎಲ್ಲೈತಿ?" ಬೆನ್ನ ಹಿಂದೆ ಮೌಲಾಸಾಬರು ಕೂಗಿದರು. ಕಾರು ಗೋಡೆಗೆ ಹೊಡೆಯಿತು.

"ಕಾಕಾ, ರೇಸಿನ್ಯಾಗ ಇಂಡಿಕೇಟರ್ ಇರಂಗಿಲ್ಲ."

"ಅದಕ್ಕ ಬಡೀತು. ಇದರಾಗ ಬಸ್ಸ ಇಲ್ಲೇನ?"

ತನ್ನ ಚೀಟಿಯನ್ನು ಉಳಿಸಿಕೊಟ್ಟ ಮನುಷ್ಯ, ಇಲ್ಲವೆನ್ನಲು ಮನಸ್ಸಾಗಲಿಲ್ಲ. ಪುಕ್ಕಟೆ ಸಿಗುವ ಬಸ್ಸಿನ ಆಟವೊಂದನ್ನು ಹಾಕಿಕೊಟ್ಟ. "ಐದ ನಿಮಿಷ ಅಷ್ಟ ಕಾಕಾ."

ಮೌಲಾಸಾಬರು ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾವುದೋ ದೇಶದ ಹಿಮದ ಘಾಟಿನಲ್ಲಿ ಬಸ್ಸು ಒಂದಿಷ್ಟೂ ಕುಲುಕದೆ ಏರತೊಡಗಿತು. ನೀಲಗಂಗವ್ವ, ಚನ್ನೇಶ ಮಂಚದ ಮೇಲೆ ಕುಳಿತು ಉಸಿರು ಬಿಗಿಹಿಡಿದು ನೋಡಿದರು. ಐದು ನಿಮಿಷ ಹೋಗಿ ಒಂದು ತಾಸಾಯಿತು.

"ಕಾಕಾ, ನನ್ನ ಪಾಳಿ."

"ಮುಂದಿನ ಊರು ಬರ್ಲಿ."

ಊರು ಬಂತು. ನಾಲ್ವರು ಇಳಿದು ಒಂಬತ್ತು ಜನ ಹತ್ತಿದರು.

"ಈಗರ ಏಳ್ರಿ ಕಾಕಾ."

"ಏನ ಮಾತಾಡ್ತೀ? ಗಾಡ್ಯಾಗ ಮೂವತ್ತೇಳು ಮಂದಿ ಅದಾರ. ನಿನಗ ಲೈಸೆನ್ಸ್ ಐತೇನ?"

ಇರಲಿಲ್ಲ.

"ಖರೇ ಐತಿ ತಗೋ," ಎಂದಳು ನೀಲಗಂಗವ್ವ. "ಘಾಟಿನ್ಯಾಗ ಡ್ರೈವರ್ನ ಬದಲಿ ಮಾಡಬಾರದಪಾ."

ಬಸ್ಸು ಮತ್ತೊಂದು ನಿಲ್ದಾಣದಲ್ಲಿ ನಿಂತಿತು. ಮೌಲಾಸಾಬರು ರಸ್ತೆಯಿಂದ ಕಣ್ಣು ಕೀಳಲಿಲ್ಲ. "ಸಿದ್ದೂ, ಹಿಂದಿನ ಬಾಗಿಲಾ ನೋಡು. ಎಲ್ಲಾರೂ ಹತ್ತಿದ್ರೇನ?"

ಸಿದ್ದಲಿಂಗೇಶ ಪರದೆಯ ಮೂಲೆಗೆ ಬಗ್ಗಿ ನೋಡಿದ. ಪೆಟ್ಟಿಗೆ ಹಿಡಿದ ಮುದುಕಿಯೊಬ್ಬಳು ಈಗಷ್ಟೇ ಹತ್ತುತ್ತಿದ್ದಳು. ಅವಳು ಕೂಡುವವರೆಗೆ ಕಾದು, ಮೇಜನ್ನು ಎರಡು ಸಲ ಬಡಿದ.

"ರೈಟ್, ಕಾಕಾ."