ಕಿಣ್ವಕ್ಕೆ ಮನೆ ಕಟ್ಟಿದ ಮಾವ

ಸಿಂಧನೂರಿನ ನಮ್ಮ ಸೋದರಮಾವನ ಮನೆಗೆ ಹೋಗುವವರಿಗೆ ಒಂದು ಮಾತು ಹೇಳಬೇಕು. ಅಲ್ಲಿಯ ಫ್ರಿಜ್ಜಿನಲ್ಲಿ ಸಾಬೂದಾನಿಯಂಥದ್ದು ಏನಾದರೂ ಕಂಡರೆ ಕೇಳದೆ ಬಾಯಿಗೆ ಹಾಕಿಕೊಳ್ಳಬೇಡಿ. ನಾನು ಹಾಕಿಕೊಂಡಿದ್ದೇನೆ. ರುಚಿಯಿಲ್ಲ, ಹಲ್ಲಿಗೆ ಸಿಗದೆ ಜಾರುತ್ತದೆ. ಎರಡನೆಯ ಚಮಚಕ್ಕೆ ಕೈ ಹಾಕುವಾಗ ಮಾವ ಬಂದ. ಬೈಯಲಿಲ್ಲ. ಎಷ್ಟು ತಿಂದೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಸಂಜೆಯವರೆಗೂ ಗಂಟೆಗೊಮ್ಮೆ ಬಂದು ಹೊಟ್ಟೆ ಹೇಗಿದೆ ಎಂದು ವಿಚಾರಿಸಿದ. ಅಳಿಯನ ಮೇಲೆ ಇಷ್ಟು ಕಾಳಜಿಯನ್ನು ಅವನು ನನ್ನ ಮದುವೆಯಲ್ಲೂ ತೋರಿಸಿರಲಿಲ್ಲ!

ಮಾವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ಮನೆಯಲ್ಲೂ ಕಲಿಸುತ್ತಾನೆ, ಬಸ್ಸಿನಲ್ಲೂ ಕಲಿಸುತ್ತಾನೆ. ಒಮ್ಮೆ ಲಿಂಗಸುಗೂರಿನಿಂದ ಬರುವಾಗ ಅವನ ಪಕ್ಕ ಕೂತ ಹಿರಿಯರೊಬ್ಬರು, ಸಾಬೂನು ಜಿಡ್ಡನ್ನು ಹೇಗೆ ಬಿಡಿಸುತ್ತದೆ ಎಂಬುದನ್ನು ಪೂರ್ತಿ ಕೇಳಿ, ಸಿಂಧನೂರಿನ ಟಿಕೆಟ್ ಇದ್ದರೂ ಮಸ್ಕಿಯಲ್ಲೇ ಇಳಿದುಹೋದರು. ಅವರಿಗೆ ಅಲ್ಲಿ ಅರ್ಜೆಂಟ್ ಕೆಲಸವಿತ್ತು ಎಂದೇ ಮಾವ ಇಂದಿಗೂ ನಂಬಿದ್ದಾನೆ.

ಫ್ರಿಜ್ಜಿನ ಆ ಗುಂಡುಗಳ ಕಥೆ ಶುರುವಾದದ್ದು ಅಜ್ಜಿಯಿಂದ. ಮಾವನ ತಾಯಿ ಅವಳು. ಪಾಮನಕಲ್ಲೂರಿನಲ್ಲಿ, ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವಳು. ಹಲ್ಲು ಹೋದ ಮೇಲೆ ಅವಳ ಊಟವೆಂದರೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಅಷ್ಟೇ. ಹೋದ ವರ್ಷ ಭೇದಿಯಾಗಿ ಮಲಗಿ ಎದ್ದವಳಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬಿ ನೋಯತೊಡಗಿತು. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಇವರಲ್ಲಿ ಕಡಿಮೆಯಾಗಿದೆ, ಹಾಲು ಬಿಡಿ ಎಂದರು ಡಾಕ್ಟರು. ಅತ್ತೆ ಬೇಳೆಯಲ್ಲಿ, ಸಾರಿನಲ್ಲಿ, ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ಕೊಟ್ಟಳು. ಅಜ್ಜಿ ಎರಡು ತುತ್ತು ತಿಂದು ಸಾಕು ಎನ್ನುವಳು. ಅವಳ ಕುಪ್ಪಸದ ತೋಳು ದಿನದಿನಕ್ಕೂ ಸಡಿಲವಾಗುತ್ತ ಬಂತು.

ಆ ಕಿಣ್ವದ ಗುಳಿಗೆ ಸಿಗುತ್ತವಲ್ಲ ಎಂದೆ. ಅಜ್ಜಿ ಈಗಾಗಲೇ ಆರು ಗುಳಿಗೆ ನುಂಗುತ್ತಾಳೆ, ಏಳನೆಯದನ್ನು ಗೋಡೆಯಾಚೆ ಎಸೆಯುತ್ತಾಳೆ ಎಂದ ಮಾವ. ಆ ಕಿಣ್ವದ ಪುಡಿಯನ್ನೇ ತರಿಸಿ, ನೀರಿನಲ್ಲಿ ಕಲಸಿ ಬಾಟಲಿಯಲ್ಲಿಟ್ಟ. ಸಿಂಧನೂರಿನ ಬೇಸಿಗೆ, ಮೇಲೆ ಕರೆಂಟಿನ ಹೋಗಿಬರುವ ಆಟ. ಮೂರೇ ದಿನಕ್ಕೆ ಕಿಣ್ವ ಕೆಲಸ ಬಿಟ್ಟಿತು. ಹಾಲಿಗೆ ನೇರವಾಗಿ ಹಾಕಿದ್ದಂತೂ ಹಾಲಿನೊಂದಿಗೇ ಖರ್ಚಾಗಿ ಹೋಗುತ್ತಿತ್ತು.

ಆಗ ಅವನಿಗೆ ಕಿಣ್ವವನ್ನು ಕಟ್ಟಿಹಾಕುವ ಹುಚ್ಚು ಹಿಡಿಯಿತು. ಸಮುದ್ರದ ಪಾಚಿಯಿಂದ ತೆಗೆದ, ತಿನ್ನಲು ಬರುವ ಒಂದು ಅಂಟು ಇದೆಯಂತೆ. ಅದರಲ್ಲಿ ಕಿಣ್ವ ಕಲಸಿ, ಕ್ಯಾಲ್ಸಿಯಂ ಕರಗಿಸಿದ ನೀರಿಗೆ ಸಿರಿಂಜಿನಿಂದ ಹನಿಹನಿಯಾಗಿ ಬಿಡಬೇಕು. ಬಿದ್ದ ಹನಿ ಅಲ್ಲೇ ಗಟ್ಟಿಯಾಗಿ ಗುಂಡಾಗುತ್ತದೆ. ಕಿಣ್ವ ಒಳಗೇ ಉಳಿಯುತ್ತದೆ. ಹಾಲಿನ ಸಕ್ಕರೆ ಒಳಗೆ ಹೋಗಿ ಒಡೆದು ಹೊರಬರುತ್ತದೆ. ಹಾಲು ಸೋಸಿಕೊಂಡು, ಗುಂಡುಗಳನ್ನು ತೊಳೆದು, ನಾಳೆ ಮತ್ತೆ ಬಳಸಬಹುದು. ಬೇಗ ಕೆಡುವುದೂ ಇಲ್ಲ.

"ಹಂಗ ಬಿಟ್ರ ಹಾಲಿನ ಜೋಡಿ ಹೋಗಿಬಿಡ್ತದ," ಎಂದು ಅತ್ತೆಗೆ ತಿಳಿಸಿ ಹೇಳಿದ. "ಒಂದು ಮನಿ ಕಟ್ಟಿಕೊಟ್ರ ಅಲ್ಲೇ ಕುಂತು ದಿನಾ ಕೆಲಸ ಮಾಡ್ತದ."

"ನಿಮಗೂ ಮನಿ ಅದಲ್ರೀ," ಎಂದಳು ಅತ್ತೆ. "ನೀವು ಯಾವ ಕೆಲಸ ಮಾಡಾಕತ್ತೀರಿ?"

ಮೊದಲ ಸಲ ಗುಂಡುಗಳಿಗೆ ಬಾಲ ಬಂದವು. ಎರಡನೆಯ ಸಲ ಎಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾದವು. ಮೂರನೆಯ ಸಲ ಚೆಲುವಾಗಿಯೇ ಬಂದವು, ಆದರೆ ಅತ್ತೆ ಹಾಲನ್ನು ಕುದಿಕುದಿಯಾಗಿಯೇ ಅವುಗಳ ಮೇಲೆ ಸುರಿದಳು. ಮನೆ ಕಟ್ಟಿಕೊಟ್ಟರೂ ಕುದಿಯುವ ಹಾಲನ್ನು ಯಾವ ಕಿಣ್ವ ತಾಳೀತು?

ಹಾಲಿನ ಸಕ್ಕರೆ ಒಡೆದಿದೆಯೋ ಇಲ್ಲವೋ ನೋಡಬೇಕಲ್ಲ. ಅದಕ್ಕಾಗಿ ಮಾವ ಮೆಡಿಕಲ್ ಅಂಗಡಿಗೆ ಹೋಗಿ, ಮೂತ್ರದಲ್ಲಿ ಸಕ್ಕರೆ ಪರೀಕ್ಷಿಸುವ ಪಟ್ಟಿ ಕೇಳಿದ. ಹಾಲಿನ ಸಕ್ಕರೆ ಒಡೆದರೆ ಮಾತ್ರ ಅದು ಬಣ್ಣ ಬದಲಿಸುತ್ತದಂತೆ. ಅಂಗಡಿಯವರು ಅವನ ಹಳೆಯ ವಿದ್ಯಾರ್ಥಿ. ಮರುಕದಿಂದ ಕೇಳಿದರು: "ಯಾರಿಗೆ ಸಕ್ಕರಿ ಬಂದದ ಸರ್?"

"ಹಾಲಿಗೆ," ಎಂದ ಮಾವ. "ಇನ್ನಾ ಬಂದಿಲ್ಲ. ಬರಬೇಕು."

ಅಂಗಡಿಯವರು ಪಟ್ಟಿ ಕೊಟ್ಟರು. ಸಂಜೆ ಅತ್ತೆಗೆ ಫೋನ್ ಮಾಡಿ ಸರ್ ಆರಾಮ ಇದ್ದಾರೆಯೇ ಎಂದೂ ವಿಚಾರಿಸಿದರಂತೆ.

ನಾಲ್ಕನೆಯ ಸಲ ಪಟ್ಟಿ ಬಣ್ಣ ಬದಲಿಸಿತು. ಹಾಲಿಗೆ ಸಕ್ಕರೆ ಬಂತು. ಆದರೂ ಮಾವ ಅಜ್ಜಿಗೆ ಕೊಡಲಿಲ್ಲ. ಒಂದು ವಾರ ತಾನೇ ಕುಡಿದ. ಅದರಲ್ಲೇನು ದೊಡ್ಡಸ್ತಿಕೆ ಎಂದು ನಾನು ನಕ್ಕೆ. ಹಾಲು ಅವನಿಗೂ ಆಗಿಬರುವುದಿಲ್ಲ, ಮದುವೆಯಾದಾಗಿನಿಂದ ಕರಿ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ ಎಂದು ಆಗ ಅತ್ತೆ ಹೇಳಿದಳು. ನಾನು ನಗುವುದನ್ನು ನಿಲ್ಲಿಸಿದೆ.

ಅಜ್ಜಿಗೆ ಹಾಲು ಕೊಟ್ಟ ದಿನ ನಾನೂ ಅಲ್ಲಿದ್ದೆ. ಅವಳು ಬೇಡವೆಂದು ಮುಖ ತಿರುಗಿಸಿದಳು. ಮಾವ ಲೋಟ ಹಿಡಿದು ನಿಂತೇ ಇದ್ದ. ಕೊನೆಗೆ ಒಂದು ಗುಟುಕು ಕುಡಿದು ಕೇಳಿದಳು: "ಸಕ್ಕರಿ ಹಾಕೀಯೇನೋ?"

ಒಡೆದ ಹಾಲಿನ ಸಕ್ಕರೆ ನಾಲಗೆಗೆ ಹೆಚ್ಚು ಸಿಹಿ. ಇದರ ಮೇಲೆ ಮಾವ ಒಂದು ತಾಸು ಮಾತಾಡಬಲ್ಲ. "ಇಲ್ಲವ್ವಾ," ಎಂದನಷ್ಟೇ.

ಮರುದಿನ ಅವನು ಕಾಲೇಜಿಗೆ ರಜೆ ಹಾಕಿ ಅಜ್ಜಿಯ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತ. ಹೊಟ್ಟೆ ನೋವು ಬರಲಿಲ್ಲ, ಉಬ್ಬರವೂ ಇಲ್ಲ. ಮಧ್ಯಾಹ್ನ ಅಜ್ಜಿಯೇ ಕರೆದು, ಹಾಲು ಇದ್ದರೆ ರೊಟ್ಟಿ ಹಾಕಿ ಕೊಡು ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ಬಾಯಿಬಿಟ್ಟು ಊಟ ಕೇಳಿದ್ದಳು. ಅತ್ತೆ ಏಳುವ ಮೊದಲೇ ಮಾವ ಗಂಗಾಳ ತಂದು ನೆಲದ ಮೇಲೆ ಕೂತು ರೊಟ್ಟಿ ಮುರಿಯತೊಡಗಿದ.

ಅಜ್ಜಿ ಬಗ್ಗಿ ನೋಡಿದಳು. "ಇಷ್ಟು ದೊಡ್ಡವು ನುಂಗಾಕ ಬರ್ತಾವೇನೋ? ಸಣ್ಣಗ ಮುರಿ."

ಮಾವ ಹೂಂ ಎಂದು ಇನ್ನೂ ಸಣ್ಣಗೆ ಮುರಿದ. ಒಂದೊಂದೇ ಚೂರನ್ನು ಬೆರಳಿನಿಂದ ಹಾಲಿನಲ್ಲಿ ಒತ್ತಿ ಮೆತ್ತಗೆ ಮಾಡಿ ಕೊಟ್ಟ. ಅವಳು ಗಂಗಾಳ ಎತ್ತಿ ಕೊನೆಯ ಹಾಲು ಕುಡಿಯುವವರೆಗೂ ಅವನು ಅಲ್ಲಿಂದ ಏಳಲಿಲ್ಲ.