ಅಜ್ಜಿಯ ಅಳತೆ ಕಪ್

ಗಡಿಯಾರ ರಿಪೇರಿಯವನು ಅಜ್ಜಿಯ ಕೋಣೆಯಿಂದ ತಂದ ಕಪ್ ತೊಳೆಯುತ್ತಿದ್ದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಲ್ಲಿಯ ನೀರು ಸಣ್ಣಗೆ ಬೀಳುತ್ತಿತ್ತು. ಕಪ್ಪಿನ ಹೊರಗೆ ನೀಲಿ ಹೂವು, ಒಳಗೆ ತೆಳ್ಳಗೆ ಪುದೀನದ ವಾಸನೆ. ಎರಡು ಸಲ ಮೂಸಿ ನೋಡಿದ. ಓಹೋ, ಅಜ್ಜಿಯ ಕೇಕಿನ ಗುಟ್ಟು ಇದೇ ಇರಬೇಕು! ಮೂರನೇ ಸಲ ಮೂಸಲು ಎತ್ತಿದಾಗ ಸೋಪಿನ ಕೈ ಜಾರಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ. ಕಪ್ ಐದು ಚೂರಾಯಿತು.

ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೈ ಅದು. ಆದರೆ ಹೆಬ್ಬೆಟ್ಟಿಗಿಂತ ದೊಡ್ಡದು ಏನು ಸಿಕ್ಕರೂ ಅದರ ಗತಿ ನೆಲವೇ.

ಅವತ್ತು ಅಜ್ಜಿಗೆ ಎಂಬತ್ತು ತುಂಬಿತ್ತು. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಎರಡು ವರ್ಷ ಮಗಳ ಮನೆಯಲ್ಲಿದ್ದಳು. ಅಲ್ಲಿ ಮಗಳು ಅವಳ ಹಳೇ ರೇಡಿಯೋ ಬೀಳಿಸಿ ಒಡೆದದ್ದೇ ತಡ, ಪೆಟ್ಟಿಗೆ ಕಟ್ಟಿಕೊಂಡು ಹೋದ ವಾರ ಮೊಮ್ಮಗನ ಮನೆಗೆ ಬಂದಿದ್ದಳು. "ನನ್ನ ಸಾಮಾನು ಒಡೆಯೋ ಮನೇಲಿ ನಾನು ಒಂದು ದಿನಾನೂ ಇರಲ್ಲ" ಎಂದು ಬಾಗಿಲಲ್ಲೇ ಹೇಳಿದ್ದಳು. ಅವಳು ಇನ್ನು ಇಲ್ಲೇ ಉಳಿಯಲಿ ಎಂಬುದೊಂದೇ ಅವನ ಆಸೆ. ಅದಕ್ಕೇ ಅವಳ ನೋಟ್‌ಬುಕ್ ನೋಡಿ ಅವಳದೇ ಕೇಕ್ ಮಾಡಿಡೋಣವೆಂದು ಅಂಗಡಿಗೆ ರಜೆ ಹಾಕಿ, ಹೆಂಡತಿಯ ಜೊತೆ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದ. ನಾಲ್ಕು ಗಂಟೆಗೆ ಇಬ್ಬರೂ ವಾಪಸು.

ನೋಟ್‌ಬುಕ್ಕಿನಲ್ಲಿ ಇದ್ದದ್ದು ಇಷ್ಟೇ: ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಮುಕ್ಕಾಲು ಕಪ್ ಬೆಣ್ಣೆ, ನಾಲ್ಕು ಮೊಟ್ಟೆ, ಒಂದು ಹಿಡಿ ಬಾದಾಮಿ. ಯಾವ ಕಪ್ ಎಂದು ಬರೆದಿರಲಿಲ್ಲ. ಹಿಂದಿನ ದಿನ ಅತ್ತೆಗೆ, ಅಂದರೆ ಅಜ್ಜಿಯ ಮಗಳಿಗೆ, ಫೋನ್ ಮಾಡಿ ಕೇಳಿದ್ದ.

"ಆ ನೀಲಿ ಹೂವಿಂದೇ ಕಣೋ. ಅಮ್ಮ ಅದನ್ನ ಯಾರಿಗೂ ಮುಟ್ಟೋಕೆ ಬಿಡಲ್ಲ. ರಾತ್ರಿ ಕೋಣೆಗೆ ಒಯ್ದು ಚಿಲಕ ಹಾಕ್ಕೋತಾಳೆ. ಅಳತೆ ಕಪ್ ಅಲ್ಲದೆ ಇನ್ನೇನು?" ಎಂದಿದ್ದಳು ಅತ್ತೆ.

ಈಗ ಆ ಅತ್ತೆಯೇ ಉಡುಗೊರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸದ್ದು ಕೇಳಿ ಮಹಡಿಯಲ್ಲಿ ಬಾಡಿಗೆಗಿದ್ದ ಲೆಕ್ಕದ ಟೀಚರೂ ಇಳಿದು ಬಂದರು.

"ಅಯ್ಯೋ, ಇದರಲ್ಲೇ ಅಲ್ವಾ ಅಮ್ಮ ನನಗೆ ಹಾಲು ಕುಡಿಸಿದ್ದು!" ಅತ್ತೆ ಚೂರುಗಳನ್ನು ನೋಡಿ ಕಣ್ಣೊರೆಸಿಕೊಂಡಳು.

"ನನಗೂ ಜ್ವರ ಬಂದಾಗ ಇದರಲ್ಲೇ ಔಷಧಿ ಕೊಡ್ತಿದ್ಲು" ಎಂದ ಅವನು. ಹೇಳುತ್ತ ಹೇಳುತ್ತ ಆ ಔಷಧಿಯ ಕಹಿ ಕೂಡ ನಾಲಿಗೆಗೆ ಬಂತು.

ಕಣ್ಣೊರೆಸಿದ್ದಾದ ಮೇಲೆ ಅತ್ತೆಯ ಮುಖ ಬೆಳಗಿತು. "ಪೆಟ್ಟಿಗೆ ಎಲ್ಲಿದೆ ಹೇಳು. ಈಗಲೇ ತುಂಬಿಡ್ತೀನಿ. ಹೇಗೂ ಸಂಜೆ ನನ್ನ ಜೊತೆ ಬರ್ತಾಳೆ."

"ಅತ್ತೆ, ನಿನ್ನ ದಮ್ಮಯ್ಯ, ಬಾಯಿ ಬಿಡಬೇಡ."

"ಬಿಡಲ್ಲ. ಆದರೆ ಕೇಕಲ್ಲಿ ದೊಡ್ಡ ತುಂಡು ನನಗೆ."

ಟೀಚರ್ ಕನ್ನಡಕ ಸರಿಪಡಿಸಿಕೊಂಡರು. "ಇಷ್ಟಕ್ಕೆಲ್ಲ ಯಾಕೆ ಗಾಬರಿ? ಯಾವ ಕಪ್ಪಾದ್ರೇನು, ಪ್ರಮಾಣ ಒಂದೇ ತಾನೆ?"

"ಮೊಟ್ಟೆ ನಾಲ್ಕೇ ಅಂತ ಬರೆದಿದೆಯಲ್ಲ ಟೀಚರ್? ಕಪ್ ದೊಡ್ಡದಾದರೆ ಕೋಳಿಗೆ ಹೇಳ್ತೀರಾ ದೊಡ್ಡ ಮೊಟ್ಟೆ ಇಡು ಅಂತ?" ಎಂದಳು ಅತ್ತೆ.

ಮೂವತ್ತು ವರ್ಷದ ಸರ್ವಿಸಿನಲ್ಲಿ ಟೀಚರು ಮೊದಲ ಬಾರಿ ತಮ್ಮ ಲೆಕ್ಕವನ್ನೇ ಬೆರಳಲ್ಲಿ ಮತ್ತೆ ಎಣಿಸಿ ನೋಡಿದರು.

ಉಳಿದದ್ದು ಒಂದೇ ದಾರಿ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಗಡಿಯಾರದ ಗಾಜು ಕೂರಿಸುವ ಅಂಟು ತಂದು ಕೂತ. ಒಂದೊಂದೇ ಚೂರು ಕೂಡಿಸಿದ. ಒಂದು ಗಂಟೆಯಲ್ಲಿ ಚೂರುಗಳು ಮತ್ತೆ ಕಪ್ ಆದವು. "ಭೇಷ್!" ಎಂದು ಅತ್ತೆ ಬೆನ್ನಿಗೊಂದು ಗುದ್ದಿದಳು. ಆ ಗುದ್ದಿಗೆ ಅಂಟಿನ ಟ್ಯೂಬು ಪಿಚಕ್ಕೆಂದಿತು. ಎಡಗೈಯ ನಾಲ್ಕು ಬೆರಳೂ ಕಪ್ಪಿಗೆ ಹತ್ತಿಕೊಂಡವು, ಮದುವೆಗೆ ಬಂದು ಹೊರಡಲೊಲ್ಲದ ನೆಂಟರ ಹಾಗೆ.

ಟೀಚರ್ ಬಿಸಿನೀರು ಎಂದರು, ಅತ್ತೆ ಎಣ್ಣೆ ಎಂದಳು. ಎರಡೂ ಆಯಿತು. ಕೊನೆಗೆ ಎದುರುಗಡೆ ಔಷಧಿ ಅಂಗಡಿಯವನನ್ನು ಕೂಗಿದರು.

ಅವನು ಬಂದು ಕೈ ತಿರುಗಿಸಿ ನೋಡಿದ. "ಇದಕ್ಕೊಂದು ದ್ರಾವಣ ಇದೆ ಅಣ್ಣ. ಸ್ಟಾಕ್ ಖಾಲಿ, ಸೋಮವಾರ ಬರುತ್ತೆ." ಆಮೇಲೆ ಕಪ್ಪಿನೊಳಗೆ ಮೂಗಿಟ್ಟ. "ಈ ವಾಸನೆ... ನಮ್ಮ ಅಂಗಡೀಲೂ ಇದೆ. ಗುಳಿಗೆ. ಯಾತಕ್ಕೆ ಕೊಡ್ತೀನಿ? ನಾಲಿಗೆ ತುದೀಲಿದೆ, ಬರ್ತಿಲ್ಲ."

"ಕೇಕ್ ತಿಂದರೆ ಬರುತ್ತೆ, ಕೂತ್ಕೋ" ಎಂದಳು ಅತ್ತೆ.

ಗಂಟೆ ಎರಡಾಗಿತ್ತು. ಕಪ್ ಹತ್ತಿದ ಕೈಯಲ್ಲೇ ಅವನು ಮೈದಾ ಅಳೆದ. ಬಿರುಕಿನಿಂದ ಮೈದಾ ಮರಳುಗಡಿಯಾರದ ಹಾಗೆ ಸುರಿಯುತ್ತಿತ್ತು. ಅತ್ತೆ ಕೆಳಗೆ ಬಟ್ಟಲು ಹಿಡಿದಳು, ಟೀಚರ್ ಬಿದ್ದದ್ದನ್ನು ಚಮಚದಲ್ಲಿ ಎಣಿಸಿ ವಾಪಸು ಹಾಕಿದರು, ಅಂಗಡಿಯವನು ಬಾದಾಮಿ ಕತ್ತರಿಸುತ್ತ ಅರ್ಧ ಬಾಯಿಗೆ ಹಾಕಿಕೊಂಡ. ಕೇಕ್ ಓವನ್ ಸೇರಿತು. ಉಬ್ಬಿತು. ಮನೆಯೆಲ್ಲ ಘಮ್ಮೆಂದಿತು.

ನಾಲ್ಕಕ್ಕೆ ಅಜ್ಜಿ ಬಂದಳು. ಅವನ ಕೈಗೆ ಟವೆಲ್ ಸುತ್ತಿತ್ತು. ಕುಂಬಳಕಾಯಿ ಕಳ್ಳನಾದರೂ ಹೆಗಲನ್ನಷ್ಟೇ ಮುಟ್ಟಿಕೊಂಡ, ಇವನ ಕೈಯಲ್ಲಿ ಕುಂಬಳಕಾಯಿಯೇ ಇದ್ದಂತಿತ್ತು.

"ಕೈಗೇನಾಯ್ತೋ?"

"ಓವನ್ ತಾಗ್ತು ಅಜ್ಜಿ. ಏನಿಲ್ಲ."

ಹೆಂಡತಿ ಟವೆಲ್ ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ಕೇಕ್ ಕತ್ತರಿಸಿದಳು. ದೊಡ್ಡ ತುಂಡು ಅತ್ತೆಯ ತಟ್ಟೆಗೆ ಹೋಯಿತು.

ಅಜ್ಜಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಮೆಲ್ಲಗೆ ಅಗಿದಳು. ಅವನ ಎದೆ ಟಿಕ್ ಟಿಕ್ ಎನ್ನುವುದು ಟೀಚರಿಗೂ ಕೇಳಿಸುವಂತಿತ್ತು.

"ಇದೇ ಕಣೋ" ಎಂದಳು ಅಜ್ಜಿ. ಕಣ್ಣು ಒದ್ದೆಯಾಗಿತ್ತು. "ನಿಮ್ಮ ತಾತ ಕೆಲಸ ಕಳ್ಕೊಂಡು ಬಂದ ದಿನ ಮನೇಲಿದ್ದ ಬೆಣ್ಣೆನೆಲ್ಲ ಹಾಕಿ ಇದನ್ನೇ ಮಾಡಿದೆ. ಹೇಗೂ ಹಾಳಾದ್ವಿ, ಹೊಟ್ಟೆ ತುಂಬ ತಿಂದು ಹಾಳಾಗೋಣ ಅಂದೆ. ಕೆಲಸ ಹೋಗುತ್ತೆ ಅಂತ ಮೂರು ತಿಂಗಳಿಂದ ಕೊರಗ್ತಿದ್ದೋರು ನಕ್ಕಿದ್ದು ಅವತ್ತೇ. ನೀನು ಹೇಗೋ ಅಳೆದೆ?"

"ನಿನ್ನ ಕಪ್ಪಲ್ಲೇ ಅಮ್ಮ" ಎಂದಳು ಅತ್ತೆ, ಬಾಯಿ ತುಂಬ ಕೇಕ್ ಇಟ್ಟುಕೊಂಡು.

"ಯಾವ ಕಪ್ಪೇ? ಅಳತೆ ಕಪ್ ನಿಮ್ಮಣ್ಣ ಮೂರು ವರ್ಷದವನಿದ್ದಾಗಲೇ ಒಡೆದ. ಆಮೇಲೆಲ್ಲ ನಂದು ಕಣ್ಣಳತೆ." ಅಜ್ಜಿ ನಕ್ಕು ಮೊಮ್ಮಗನ ತಲೆ ಸವರಿದಳು. "ಯಾವುದರಲ್ಲಾದರೂ ಅಳಿ, ನಾನಿನ್ನು ಇಲ್ಲಿಂದ ಎಲ್ಲೂ ಹೋಗಲ್ಲ."

ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಇಲ್ಲೇ ಇರೋಳು ಅಂದ ಮೇಲೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ?" ಎಂದಳು ಅಜ್ಜಿ, ಕೆನ್ನೆ ಒತ್ತಿಕೊಳ್ಳುತ್ತ. "ಇವು ನನ್ನ ಹಲ್ಲಲ್ಲ. ಎಂಟು ವರ್ಷ ಆಯ್ತು ಸೆಟ್ ಕಟ್ಟಿಸ್ಕೊಂಡು. ಕಪ್ಪೂ ಅವತ್ತೇ ತಗೊಂಡೆ, ರಾತ್ರಿ ನೆನೆಸಿಡೋಕೆ. ಈಗ ಬಾದಾಮಿ ಚೂರು ಅಡೀಲಿ ಸೇರ್ಕೊಂಡು ಚುಚ್ತಿದೆ."

ಔಷಧಿ ಅಂಗಡಿಯವನಿಗೆ ಆ ಗುಳಿಗೆ ಯಾತಕ್ಕೆಂದು ಥಟ್ಟನೆ ನೆನಪಾಯಿತು. ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ತಟ್ಟೆಗಿಟ್ಟ. ಟೀಚರ್ ಚಾವಣಿ ನೋಡಿದರು. ಅತ್ತೆಯ ದವಡೆ ನಡುದಾರಿಯಲ್ಲೇ ನಿಂತಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಟವೆಲ್ಲಿನೊಳಗೆ ಏನೋ ಸಣ್ಣಗೆ ಕಿಣಿಕಿಣಿ ಎಂದಿತು.

"ನನ್ನ ಕೋಣೇಲಿ ನೀಲಿ ಹೂವಿನ ಕಪ್ ಇದೆ" ಎಂದಳು ಅಜ್ಜಿ, ಬಾಯಿಗೆ ಕೈ ಹಾಕುತ್ತ.

ಅವನು ಟವೆಲ್ ಸುತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಸ್ವಲ್ಪ ನೀರು ಹಾಕಿ ತಂದುಕೊಡು, ಪುಟ್ಟಾ."